ಡ್ಯಾಶ್‌ಬೋರ್ಡಿಗೊಂದು ಕಪ್ಪು ನೇಯ್ಗೆ

ಕಾರಿಗೆ ಕಾಲಕಾಲಕ್ಕೆ ಆಯಿಲ್ ಬದಲಿಸುತ್ತೇವೆ, ಟೈರು ಸವೆದರೆ ಹೊಸದು ಹಾಕಿಸುತ್ತೇವೆ, ತಗಡು ತಗ್ಗಾದರೆ ಟಿಂಕರಿಂಗ್ ಮಾಡಿಸುತ್ತೇವೆ. ಒಳಗಿನ ಪ್ಲಾಸ್ಟಿಕ್ಕಿಗೆ ಮಾತ್ರ ಇಂಥ ಆರೈಕೆಯ ರೂಢಿಯಿಲ್ಲ. ದಿನವೂ ಕೈ ತಾಗುವುದು, ಕಣ್ಣು ಬೀಳುವುದು ಅದರ ಮೇಲೆಯೇ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ, ತಮಿಳುನಾಡಿನ ಗಡಿಗೆ ಹತ್ತಿರದ ಮಾರ್ಟಳ್ಳಿಯಂಥ ಊರಲ್ಲಿ ಬೇಸಿಗೆಯ ಬಿಸಿಲು, ರಸ್ತೆಯ ಧೂಳು ಎರಡೂ ಸೇರಿ ಅದರ ಮೈಯನ್ನು ತಿನ್ನುತ್ತವೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಂಥ ಬಿಸಿಲಿಗೆ, ಕಾವಿಗೆ ಕಪ್ಪು ಪ್ಲಾಸ್ಟಿಕ್ ಬೂದು ತಿರುಗುತ್ತದೆ. ರಬ್ಬರಿನಂತೆ ಮೆತ್ತಗಿದ್ದ ಲೇಪನ ಅಂಟಂಟಾಗುತ್ತದೆ. ಗೇರಿನ ಸುತ್ತಲೂ ಉಂಗುರ, ಬಳೆ, ಬೀಗದ ಕೈ ಎಳೆದ ಗೀರುಗಳು ನಿಲ್ಲುತ್ತವೆ. ಆಗ ಮಾಲೀಕರ ಮುಂದಿರುವುದು ಮೂರೇ ದಾರಿ: ಕಂಪನಿಯ ಹೊಸ ಭಾಗ ಕೊಳ್ಳುವುದು, ಹಾಗೆಯೇ ಸಹಿಸಿಕೊಳ್ಳುವುದು, ಇಲ್ಲವೇ ಹಳೆಯ ಭಾಗಕ್ಕೆ ಹೊಸ ತೊಗಲು ಹೊದಿಸುವುದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಪೇಟೆಯಿಂದ ಹಿಡಿದು ಪಟ್ಟಣಗಳ ಸ್ಟಿಕ್ಕರ್ ಅಂಗಡಿಗಳವರೆಗೆ ನಡೆಯುವ ‘ಕಾರ್ಬನ್ ಹಾಕಿಸುವ’ ಕೆಲಸ ಈ ಮೂರನೆಯ ದಾರಿಗೆ ಸೇರಿದ್ದು. ಇದನ್ನು ಶೋಕಿಯ ಲೆಕ್ಕಕ್ಕೆ ಹಾಕುವುದೇ ವಾಡಿಕೆ. ನನ್ನ ಪ್ರಕಾರ ಇದು ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದರ ಹತ್ತಿರದ ನಂಟ. ಅಲಂಕಾರದ ವೇಷ ತೊಟ್ಟ ದುರಸ್ತಿ.

ಮೊದಲು ‘ಕಾರ್ಬನ್’ ಎನ್ನುವ ಆ ಕಪ್ಪು ಚೌಕುಳಿಯ ಮೂಲ ನೋಡೋಣ. ಕಾರ್ಬನ್ ಫೈಬರಿನ ಒಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್. ನಮ್ಮ ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು. ಅಕ್ರಿಲಿಕ್ ಜಾತಿಯ ನೂಲನ್ನು ಮೊದಲು 200ರಿಂದ 300 ಡಿಗ್ರಿಯಲ್ಲಿ ಹದವಾಗಿ ಕಾಯಿಸಿ, ಆಮೇಲೆ ಗಾಳಿಯ ಸೋಂಕಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಸುಟ್ಟರೆ ಉಳಿಯುವುದು ಬಹುಪಾಲು ಇಂಗಾಲ. ಇಂಥ ಮೂರು ಸಾವಿರ ಎಳೆಗಳ ಒಂದೊಂದು ಕಟ್ಟನ್ನು ಹಾಸು ಹೊಕ್ಕಾಗಿ ನೇಯ್ದದ್ದೇ ‘3ಕೆ’ ಬಟ್ಟೆ. ಹೊಕ್ಕು ಎರಡು ಹಾಸನ್ನು ಹತ್ತಿ, ಎರಡರ ಕೆಳಗೆ ನುಸುಳಿ, ಸಾಲಿನಿಂದ ಸಾಲಿಗೆ ಒಂದೊಂದು ಹೆಜ್ಜೆ ಸರಿಯುವುದರಿಂದ ನಮಗೆ ಕಾಣುವ ಆ ಓರೆಗೆರೆಗಳು ಮೂಡುತ್ತವೆ. ರೇಷ್ಮೆ ಮಗ್ಗಗಳ ಕೊಳ್ಳೇಗಾಲದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ನೆನೆಸಿ ಗಟ್ಟಿ ಮಾಡಿದರೆ ಉಕ್ಕಿನ ಐದನೆಯ ಒಂದು ಪಾಲಿನ ಆಸುಪಾಸಿನ ತೂಕದಲ್ಲಿ ಅಪಾರ ಬಿಗುವಿನ ವಸ್ತು ಸಿಗುತ್ತದೆ. 1981ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸದ ಮೆಕ್‌ಲಾರೆನ್ ರೇಸ್ ಕಾರು ಫಾರ್ಮುಲಾ ಒನ್‌ಗೆ ಕಾರ್ಬನ್ ಫೈಬರಿನ ಒಡಲನ್ನು ತಂದಿತು. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿದ ತೇಜಸ್ ಯುದ್ಧವಿಮಾನದ ಒಡಲಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 45 ಪಾಲು ತೂಕ ಇಂಥ ಸಂಯುಕ್ತ ವಸ್ತುಗಳದ್ದೇ. ಅದರ ಬಾಲದ ರೆಕ್ಕೆಯನ್ನು ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ವೇಗಕ್ಕೂ ಹಗುರಕ್ಕೂ ಗುರುತಾದ ಈ ನೇಯ್ಗೆ ಮುಂದೆ ಸಾಮಾನ್ಯ ಕಾರುಗಳ ಒಳಗೂ ಬರಬೇಕೆಂಬ ಆಸೆ ಹುಟ್ಟಿದ್ದು ಸಹಜವೇ.

ಆ ಆಸೆಯನ್ನು ಈಡೇರಿಸಲು ಈಗ ಮೂರು ಬಗೆಯ ಕೆಲಸಗಳಿವೆ. ಹೆಚ್ಚು ಬಳಕೆಯಲ್ಲಿರುವುದು ವಿನೈಲ್ ಹಾಳೆ, ಅಂದರೆ ಸ್ಟಿಕ್ಕರ್. ಅಂಗಡಿಯವರು ‘3ಡಿ’, ‘5ಡಿ’ ಎನ್ನುವುದು ಹಾಳೆಯ ಉಬ್ಬುತಗ್ಗು ಮತ್ತು ಹೊಳಪಿನ ಬಗೆಗಳನ್ನು. ಅದರಲ್ಲಿ ಕಾರ್ಬನ್ ಎಳೆ ಒಂದೂ ಇರುವುದಿಲ್ಲ. ಎರಡನೆಯದು ನೀರಿನ ಮುದ್ರಣ: ನೀರಲ್ಲಿ ಕರಗುವ ಹಾಳೆಯ ಮೇಲಿನ ಚಿತ್ತಾರವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಭಾಗವನ್ನು ಅದರೊಳಗೆ ಮೆಲ್ಲಗೆ ಅದ್ದಿ ತೆಗೆದು, ಒಣಗಿದ ಮೇಲೆ ಕ್ಲಿಯರ್ ಕೋಟ್ ಹೊಡೆಯುತ್ತಾರೆ. ಹಾಳೆ ಬಗ್ಗದ ಸಂದುಗೊಂದುಗಳಿಗೂ ಚಿತ್ತಾರ ಹತ್ತುವುದು ಇದರ ಹೆಚ್ಚುಗಾರಿಕೆ. ಮೂರನೆಯದರಲ್ಲಿ ನಿಜವಾದ ಕಾರ್ಬನ್ ಬಟ್ಟೆಯನ್ನೇ ಹೊದಿಸುತ್ತಾರೆ. ಕಪ್ಪು ರಾಳ ಬಳಿದು, ಅದು ಅಂಟುವ ಹದಕ್ಕೆ ಬಂದಾಗ ಬಟ್ಟೆ ಹಾಸಿ, ಮೇಲೆ ತಿಳಿರಾಳವನ್ನು ಪದರ ಪದರವಾಗಿ ಕೊಟ್ಟು, ಪ್ರತಿ ಪದರವನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡುತ್ತಾರೆ. ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುವುದರಿಂದ ಕೊನೆಗೆ ಅತಿನೇರಳೆ ಕಿರಣ ತಡೆಯುವ ಲೇಪ ಬೇಕೇಬೇಕು. ಹಾಳೆಯ ಕೆಲಸ ಅರ್ಧ ದಿನದಲ್ಲಿ ಮುಗಿದೀತು. ಬಟ್ಟೆಯ ಕೆಲಸ ದಿನಗಟ್ಟಲೆ ಹಿಡಿಯುತ್ತದೆ.

ಮೂರರಲ್ಲಿ ಯಾವುದೇ ಆಗಲಿ, ಕಸುಬಿನ ಗಟ್ಟಿತನ ಇರುವುದು ಮೇಲೆ ಕಾಣದ ತಯಾರಿಯಲ್ಲಿ. ಕಲಾಯಿಯವರು ಪಾತ್ರೆಯನ್ನು ಮೊದಲು ಉಜ್ಜಿ, ಕಾಯಿಸಿ, ನವಸಾಗರ ಹಾಕಿ ಮೈ ಬಿಳುಪು ಮಾಡಿದ ಮೇಲಷ್ಟೇ ತವರ ಮುಟ್ಟಿಸುತ್ತಾರೆ. ಇಲ್ಲಿಯೂ ಹಾಗೆಯೇ. ಡ್ಯಾಶ್‌ಬೋರ್ಡಿಗೆ ವರ್ಷಗಟ್ಟಲೆ ಬಳಿದ ಪಾಲಿಶಿನ ಸಿಲಿಕೋನ್ ಎಣ್ಣೆ, ಕೈಬೆವರು, ಅಗರಬತ್ತಿಯ ಹೊಗೆ ಎಲ್ಲವೂ ಅಂಟಿಗೆ ಶತ್ರುಗಳು. ಭಾಗವನ್ನು ಕ್ಲಿಪ್ ಮುರಿಯದಂತೆ ಬಿಚ್ಚಿ, ಸಾಬೂನಿನಲ್ಲಿ ತೊಳೆದು, ಆಲ್ಕೊಹಾಲಿನಲ್ಲಿ ಒರೆಸಿ, ಗೀರುಗಳನ್ನು ತುಂಬಿ ಉಜ್ಜಬೇಕು. ಪ್ಲಾಸ್ಟಿಕ್ಕಿನ ಜಾತಿಯೂ ತಿಳಿದಿರಬೇಕು. ಎಬಿಎಸ್ ಆದರೆ ಬಣ್ಣವನ್ನೂ ಅಂಟನ್ನೂ ಸುಲಭವಾಗಿ ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಆದರೆ ಅದಕ್ಕೆಂದೇ ಇರುವ ಪ್ರೈಮರ್ ಇಲ್ಲದೆ ಯಾವುದನ್ನೂ ಹತ್ತಿಸಿಕೊಳ್ಳುವುದಿಲ್ಲ. ಭಾಗದ ಹಿಂಬದಿಯಲ್ಲಿ ಅಚ್ಚೊತ್ತಿರುವ ಪುಟ್ಟ ಅಕ್ಷರಗಳು ಈ ಜಾತಿಯನ್ನು ಹೇಳುತ್ತವೆ. ಹಾಳೆಯನ್ನು ಹೀಟ್ ಗನ್ನಿನಲ್ಲಿ ಕಾಯಿಸಿ ಎಳೆಯುವಾಗ ತಿರುವಿನಲ್ಲಿ ಹೆಚ್ಚು ಎಳೆದರೆ ಅದು ತನ್ನ ಮೊದಲಿನ ಅಳತೆಗೆ ಮರಳಲು ಹವಣಿಸುತ್ತದೆ. ಮೊದಲ ಬೇಸಿಗೆಗೇ ಅಂಚು ಏಳುವುದು ಹೀಗೆ. ಅಂಚನ್ನು ಹಿಂದಕ್ಕೆ ಮಡಚಿ, ಕೊನೆಯಲ್ಲಿ ಮತ್ತೊಮ್ಮೆ ಚೆನ್ನಾಗಿ ಕಾಯಿಸಿ ಆ ಸೆಳೆತವನ್ನು ಇಳಿಸುವವರೇ ನುರಿತ ಕೆಲಸಗಾರರು.

ಇದರ ಮೇಲಿನ ಮೊದಲ ಆಕ್ಷೇಪ: ಇದು ನಕಲಿ, ಕಾರ್ಬನ್ ಇಲ್ಲದ ಕಾರ್ಬನ್. ಆಕ್ಷೇಪದಲ್ಲಿ ಹುರುಳಿದೆ. ಆದರೆ ಉತ್ತರ ಕೊಳ್ಳೇಗಾಲದ ಸೀರೆಯಲ್ಲೇ ಇದೆ. ಬೆಳ್ಳಿಯ ತಂತಿಗೆ ಚಿನ್ನದ ಲೇಪ ಕೊಟ್ಟ ಅಸಲಿ ಜರಿಯೂ ಉಂಟು, ತಾಮ್ರದ ಎಳೆಯ ಜರಿಯೂ ಉಂಟು, ಪಾಲಿಯೆಸ್ಟರ್ ಹಾಳೆಯನ್ನು ಸೀಳಿ ಮಾಡಿದ ಜರಿಯೂ ಉಂಟು. ಕಡಿಮೆ ಬೆಲೆಯ ಜರಿ ಇರುವುದರಿಂದಲೇ ಎಷ್ಟೋ ಮನೆಗಳ ಮದುವೆಯಲ್ಲಿ ಅಂಚು ಹೊಳೆಯುತ್ತದೆ. ಅದನ್ನು ನೇಯ್ದರೆ, ಉಟ್ಟರೆ ಮೋಸವೇನಿಲ್ಲ. ಅಸಲಿಯ ಹೆಸರಲ್ಲಿ, ಅಸಲಿಯ ಬೆಲೆಗೆ ಮಾರಿದರೆ ಮೋಸ. ಕಾರಿನೊಳಗಿನ ಕಪ್ಪು ನೇಯ್ಗೆಗೂ ಇದೇ ನ್ಯಾಯ ಸಲ್ಲಬೇಕು. ಬಿಲ್ಲಿನಲ್ಲಿ ‘ವಿನೈಲ್ ಹಾಳೆ’, ‘ನೀರಿನ ಮುದ್ರಣ’, ‘ನಿಜ ಕಾರ್ಬನ್ ಬಟ್ಟೆ’ ಎಂದು ಬಿಡಿಸಿ ಬರೆದರೆ ಆಕ್ಷೇಪದ ಮುಕ್ಕಾಲು ಪಾಲು ಕರಗುತ್ತದೆ. ಇನ್ನೊಂದು ಮಾತನ್ನೂ ಒಪ್ಪಬೇಕು: ಪ್ಲಾಸ್ಟಿಕ್ಕಿನ ಮೇಲೆ ಹೊದಿಸಿದಾಗ ನಿಜವಾದ ಕಾರ್ಬನ್ ಬಟ್ಟೆಯೂ ಕಾರನ್ನು ಹಗುರ ಮಾಡುವುದಿಲ್ಲ, ಒಂದಿಷ್ಟು ತೂಕ ಕೂಡಿಸುತ್ತದೆ. ಹಗುರವಾಗುತ್ತದೆ, ವೇಗ ಬರುತ್ತದೆ ಎಂದು ಯಾರಾದರೂ ಮಾರಿದರೆ ನಂಬಬಾರದು.

ಎರಡನೆಯ ಆಕ್ಷೇಪ: ಓಡುವ ಕಾರಿಗೆ ಈ ಖರ್ಚು ಯಾಕೆ, ಬರೀ ದುಂದು. ಇಲ್ಲಿ ಭಾಗಗಳು ತಯಾರಾಗುವ ಬಗೆಯನ್ನು ನೋಡಬೇಕು. ಗೇರಿನ ಸುತ್ತಲ ಪಟ್ಟಿ, ಎಸಿ ಕಿಂಡಿಯ ಚೌಕಟ್ಟು, ಬಾಗಿಲಿನ ಸ್ವಿಚ್ ತಟ್ಟೆ ಇವೆಲ್ಲ ಒಂದೊಂದೂ ಇಡಿಯಾಗಿ ಅಚ್ಚಿನಲ್ಲಿ ಎರಕವಾದವು. ಮೂಲೆಯಲ್ಲೊಂದು ಗೀರು ಬಿದ್ದರೂ ಕಂಪನಿಯ ಲೆಕ್ಕದಲ್ಲಿ ಇಡೀ ಭಾಗ ಬದಲಾಗಬೇಕು; ಹಳೆಯದು ಕಸಕ್ಕೆ ಹೋಗುತ್ತದೆ. ಹಳೆಯ ಮಾದರಿಯಾದರೆ ಭಾಗವೇ ಸಿಗದಿರಬಹುದು. ಕೆಲಸಕ್ಕೆ ಬರುವ ಪ್ಲಾಸ್ಟಿಕ್ಕನ್ನು ಮೇಲ್ಮೈ ಕೆಟ್ಟಿತೆಂಬ ಒಂದೇ ಕಾರಣಕ್ಕೆ ಎಸೆಯುವುದೇ ದೊಡ್ಡ ದುಂದು. ಹಾಗೆಂದು ಹೊದಿಕೆ ಎಲ್ಲಕ್ಕೂ ಮದ್ದಲ್ಲ. ಬಿರಿದ ಭಾಗಕ್ಕೆ ಹಾಳೆ ಬಲ ಕೊಡುವುದಿಲ್ಲ, ಬಿರುಕನ್ನು ಮುಚ್ಚುತ್ತದೆ ಅಷ್ಟೇ. ಅಂಥದ್ದನ್ನು ಮೊದಲು ಬೆಸೆಯಬೇಕು, ಆಗದಿದ್ದರೆ ಬದಲಿಸಬೇಕು.

ಮೂರನೆಯ ಆಕ್ಷೇಪ ಜೀವಕ್ಕೆ ಸಂಬಂಧಿಸಿದ್ದು. ಅದಕ್ಕೆ ಉತ್ತರವಿಲ್ಲ, ಪಾಲನೆ ಮಾತ್ರ ಇದೆ. 2021ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಮಾದರಿಯ ಕಾರುಗಳಿಗೆ ಚಾಲಕರ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಎಷ್ಟೋ ಕಾರುಗಳಲ್ಲಿ ಅದು ಅಡಗಿರುವ ಕಡೆ ಡ್ಯಾಶ್‌ಬೋರ್ಡಿನ ಒಳಬದಿಯನ್ನು ಕಣ್ಣಿಗೆ ಕಾಣದಂತೆ ತೆಳು ಮಾಡಿ, ಅಪಘಾತದ ಕ್ಷಣದಲ್ಲಿ ಅಲ್ಲಿಯೇ ಸೀಳುವಂತೆ ರೂಪಿಸಿರುತ್ತಾರೆ. ಅದರ ಮೇಲೆ ಗಟ್ಟಿ ರಾಳವಾಗಲಿ ಹಿಗ್ಗುವ ಹಾಳೆಯಾಗಲಿ ಬಿದ್ದರೆ ಸೀಳುವ ರೀತಿ ಬದಲಾಗಬಹುದು; ಒಡೆದ ರಾಳದ ಚೂರು ಮುಖಕ್ಕೆ ಸಿಡಿಯಬಹುದು. ಸ್ಟಿಯರಿಂಗಿನ ನಡುಭಾಗ, ಎಡಗಡೆಯ ಡ್ಯಾಶ್‌ಬೋರ್ಡು, ಏರ್‌ಬ್ಯಾಗಿನ ಗುರುತಿರುವ ಕಂಬಗಳು ಈ ಮೂರನ್ನೂ ಮುಟ್ಟಬಾರದು. ಗಾಜಿನ ಕೆಳಗಿನ ಸಮತಟ್ಟು ಜಾಗಕ್ಕೆ ಹೊಳಪಿನ ಹಾಳೆ ಹಾಕಿದರೆ ಬಿಸಿಲು ಪ್ರತಿಫಲಿಸಿ ರಸ್ತೆ ಮಸುಕಾಗುತ್ತದೆ; ಬೆಟ್ಟದ ತಿರುವುಗಳಲ್ಲಿ ಅದು ಸಣ್ಣ ವಿಷಯವಲ್ಲ. ಕೆಲಸಗಾರರ ಜೀವವೂ ಈ ಲೆಕ್ಕಕ್ಕೆ ಸೇರಬೇಕು. ಕಾರ್ಬನ್ ಬಟ್ಟೆ ಉಜ್ಜಿದ ಧೂಳು ಚರ್ಮಕ್ಕೂ ಶ್ವಾಸಕ್ಕೂ ತುರಿಕೆ, ಕೆರೆತ ತರುತ್ತದೆ. ಎಪಾಕ್ಸಿ ಪದೇ ಪದೇ ತಾಗಿದರೆ ಮೈಗೆ ಅಲರ್ಜಿ ಹತ್ತುತ್ತದೆ. ಗಟ್ಟಿಕಾರಕ ಬೆರೆಸಿ ಹೊಡೆಯುವ ಕ್ಲಿಯರ್ ಕೋಟ್ ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಇವನ್ನು ತಡೆಯದು. ಸರಿಯಾದ ಮುಖಗವಸು, ಕೈಗವಸು, ಗಾಳಿಯಾಡುವ ಜಾಗ ಇವುಗಳ ಖರ್ಚು ಕೂಲಿಯಲ್ಲಿ ಸೇರಿರುವುದು ನ್ಯಾಯ.

ಆದ್ದರಿಂದ ಈ ಕೆಲಸ ಮಾಡಿಸುವವರು ಹೊಳಪಿನ ಮಾದರಿ ಪುಸ್ತಕ ತಿರುವುವ ಮೊದಲು ಮೂರು ಮಾತು ಕೇಳಬೇಕು: ಹಾಕುವ ವಸ್ತುವಿನ ನಿಜವಾದ ಹೆಸರೇನು, ಅದರ ಕೆಳಗಿನ ಮೈಯನ್ನು ಹೇಗೆ ತಯಾರು ಮಾಡುತ್ತೀರಿ, ಎಲ್ಲೆಲ್ಲಿ ಹಾಕುವುದಿಲ್ಲ. ಮೂರನೆಯದಕ್ಕೆ ತಡವರಿಸದೆ ಉತ್ತರ ಕೊಡುವ ಅಂಗಡಿಯವರನ್ನು ಉಳಿದ ಎರಡರಲ್ಲೂ ನಂಬಬಹುದು. ಕಲಾಯಿಯವರನ್ನು ಊರು ನಂಬಿದ್ದು ಪಾತ್ರೆ ಹೊಳೆಯಿತೆಂದಷ್ಟೇ ಅಲ್ಲ, ಅದರಲ್ಲಿಟ್ಟ ಹುಳಿ ಕಿಲುಬದೆ ಉಳಿಯಿತೆಂದು. ಕಾರಿನ ಕಪ್ಪು ನೇಯ್ಗೆಯ ಪರೀಕ್ಷೆಯೂ ಹಾಕಿಸಿದ ದಿನ ನಡೆಯುವುದಿಲ್ಲ. ಮಾರ್ಟಳ್ಳಿಯ ಎರಡು ಬೇಸಿಗೆ ಕಳೆದ ಮೇಲೂ ಅಂಚು ಏಳದೆ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದಾಗ ನಡೆಯುತ್ತದೆ.