ಹಿತ್ತಿಲಿನ ಹಕ್ಕಿ: ಬೆಳಕು, ಚಿತ್ರ, ಭಾವ

ಹಕ್ಕಿಯ ಚಿತ್ರ ತೆಗೆಯಬೇಕಾದರೆ ಕಾಡಿಗೇ ಹೋಗಬೇಕೆಂದು ಅನೇಕರು ಭಾವಿಸಿದ್ದಾರೆ. ಒಂದು ದಾಸವಾಳದ ಗಿಡ, ಒಂದು ನುಗ್ಗೆಯ ಮರ, ನೀರು ತುಂಬಿದ ಮಣ್ಣಿನ ಬೋಗುಣಿ ಇಷ್ಟಿದ್ದರೆ ಸಾಕು, ಸೂರಕ್ಕಿ, ಪಿಕಳಾರ, ಮಡಿವಾಳ ಹಕ್ಕಿಗಳು ತಾವಾಗಿಯೇ ಹಿತ್ತಿಲಿಗೆ ಬರುತ್ತವೆ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತಮ್ಮ ತೋಟದ ಸುತ್ತಣ ಹಕ್ಕಿಗಳನ್ನು ವರ್ಷಗಟ್ಟಲೆ ಗಮನಿಸಿ ಕ್ಯಾಮರಾದಲ್ಲಿ ಸೆರೆಹಿಡಿದರೆಂಬುದನ್ನು ಕನ್ನಡಿಗರು ಬಲ್ಲರು.

ಚಿತ್ರದ ಭಾವವು ಮೊದಲು ಹುಟ್ಟುವುದು ಬೆಳಕಿನಲ್ಲಿ. ಇದಕ್ಕೆ ಗಂಡು ಸೂರಕ್ಕಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅದರ ಗರಿಯ ನೀಲಿ-ನೇರಳೆ ಹೊಳಪು ಬಣ್ಣದ ದ್ರವ್ಯದಿಂದಷ್ಟೇ ಬಂದುದಲ್ಲ. ಗರಿಯ ಅತಿಸೂಕ್ಷ್ಮ ರಚನೆಯು ಬೆಳಕನ್ನು ಪ್ರತಿಫಲಿಸುವ ರೀತಿಯಿಂದ ಬಂದುದು. ಸೂರ್ಯನು ನಮ್ಮ ಬೆನ್ನ ಹಿಂದಿದ್ದರೆ ಹಕ್ಕಿ ಮಣಿಯಂತೆ ಹೊಳೆಯುತ್ತದೆ. ಎದುರಿಗಿದ್ದರೆ ಅದೇ ಹಕ್ಕಿ ಇದ್ದಲಿನ ಚೂರಿನಂತೆ ಕಪ್ಪು. ಆ ಹೊಳಪನ್ನು ಬಳಿಕ ಕಂಪ್ಯೂಟರಿನಲ್ಲಿ ಬಣ್ಣ ಏರಿಸಿ ತರುತ್ತೇನೆಂದರೆ ದೊರೆಯುವುದು ಬಳಿದ ಗೋಡೆಯ ಬಣ್ಣ ಮಾತ್ರ. ಸೂರಕ್ಕಿ ಒಂದೆಡೆ ನಿಲ್ಲದು. ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗ ಬೇಕು. ಮಡಿವಾಳ ಹಕ್ಕಿಯ ತೊಂದರೆ ಬೇರೆ. ಕಪ್ಪು ಗರಿಯ ವಿವರಕ್ಕಾಗಿ ಬೆಳಕು ಹೆಚ್ಚಿಸಿದರೆ ಬಿಳಿಯ ಹೊಟ್ಟೆ ಸುಣ್ಣದಂತೆ ವಿವರಗೆಡುತ್ತದೆ. ಕೊಂಚ ಕಡಿಮೆ ಬೆಳಕಿನಲ್ಲಿ ತೆಗೆದು ಕಪ್ಪನ್ನು ಅನಂತರ ತಿಳಿಯಾಗಿಸುವುದು ಲೇಸು.

ತೆಗೆದ ಚಿತ್ರವನ್ನು ತಿದ್ದುವುದು ಹೊಸ ಕಾಲದ ಮೋಸವೆಂದು ಹಿರಿಯರು ಕೆಲವರು ಗೊಣಗುವುದುಂಟು. ಅದು ಸರಿಯಲ್ಲ. ಕತ್ತಲೆಕೋಣೆಯಲ್ಲಿ ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡಹಿಡಿದು ಒಂದು ಭಾಗವನ್ನು ತಿಳಿಯಾಗಿಸಿ, ಇನ್ನೊಂದಕ್ಕೆ ಹೆಚ್ಚು ಬೆಳಕುಣಿಸಿ ಗಾಢವಾಗಿಸುವ ವಿದ್ಯೆ ಬಹಳ ಹಳೆಯದು. ಇಂದು ಅಂಗೈಯ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ, ಅಷ್ಟೆ. ಮಂಜಿನ ಮುಂಜಾವಿನ ಚಿತ್ರದಲ್ಲಿ ಕಪ್ಪು-ಬಿಳುಪಿನ ಅಂತರವನ್ನು ತಗ್ಗಿಸಿ ಮೃದುಗೊಳಿಸಬಹುದು. ಮಳೆಯಲ್ಲಿ ನೆನೆದ ಪಿಕಳಾರದ ಸುತ್ತಣ ಎಲೆಗಳನ್ನು ಮಬ್ಬಾಗಿಸಿ ಅದರ ಒಂಟಿತನವನ್ನು ಎತ್ತಿ ತೋರಬಹುದು.

ಆದರೆ ಮೇರೆಯೊಂದಿದೆ. ಹಿಂದೊಮ್ಮೆ ನಡುಹಗಲಿನಲ್ಲಿ ತೆಗೆದ ಮಡಿವಾಳ ಹಕ್ಕಿಯ ಚಿತ್ರಕ್ಕೆ ಹೊಂಬಣ್ಣ ತುಂಬಿ ‘ಸಂಜೆ’ ಎಂದು ಹೆಸರಿಟ್ಟೆ. ಎಲ್ಲರೂ ಮೆಚ್ಚಿದರು. ಏಳನೆಯ ತರಗತಿಯ ಹುಡುಗನೊಬ್ಬ ಮಾತ್ರ ದಿಟ್ಟಿಸಿ ನೋಡಿ, “ಗುರುಗಳೇ, ಸಂಜೆಯಾದರೆ ನೆರಳು ಉದ್ದವಿರಬೇಕಲ್ಲವೇ? ಇದು ಕಾಲ ಬುಡದಲ್ಲೇ ಇದೆಯಲ್ಲ!” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಅಂತರರಾಷ್ಟ್ರೀಯ ಛಾಯಾಚಿತ್ರ ಸಂಸ್ಥೆಗಳಾದ ಫಿಯಾಪ್, ಪಿ.ಎಸ್.ಎ., ಆರ್.ಪಿ.ಎಸ್.ಗಳು 2014ರಲ್ಲಿ ಒಪ್ಪಿದ ನಿಸರ್ಗಚಿತ್ರದ ವ್ಯಾಖ್ಯೆಯಂತೆ, ಅಂಚು ಕತ್ತರಿಸಬಹುದು, ಇಡೀ ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಬಹುದು. ಇಲ್ಲದ ರೆಂಬೆಯನ್ನು ಸೇರಿಸುವಂತಿಲ್ಲ, ಇದ್ದುದನ್ನು ಅಳಿಸುವಂತಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಕಂಪ್ಯೂಟರಿನಲ್ಲಿ ಆಗುವುದಲ್ಲ, ಗಿಡದ ಬಳಿಯೇ ಆಗುವುದು. ನನ್ನ ಆರಂಭದ ದಿನಗಳಲ್ಲಿ, ನಂದಿಬಟ್ಟಲಿನ ಪೊದೆಯಲ್ಲಿ ಪಿಕಳಾರವೊಂದು ಗೂಡು ಕಟ್ಟಿತ್ತು. ಮರಿಗಳಿಗೆ ತಾಯಿ ಗುಟುಕು ಕೊಡುವ ದೃಶ್ಯಕ್ಕೆ ಎರಡು ಎಲೆ ಅಡ್ಡ ಬರುತ್ತಿದ್ದವು. ಕತ್ತರಿಯಿಂದ ಅವನ್ನು, ಹಾಗೆಯೇ ಇನ್ನೂ ನಾಲ್ಕನ್ನು ಕತ್ತರಿಸಿದೆ. ಚಿತ್ರ ಬಹು ಸೊಗಸಾಗಿ ಬಂದಿತು. ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು. ಬೇಲಿಯ ಮೇಲೆ ಎರಡು ಕಾಗೆಗಳಿದ್ದವು. ತಾಯಿಹಕ್ಕಿ ಹುಳುವನ್ನು ಕೊಕ್ಕಿನಲ್ಲಿ ಹಿಡಿದು ಮಧ್ಯಾಹ್ನದವರೆಗೂ ಆ ಪೊದೆಗೆ ಬಂದು ಹೋಗುತ್ತಿತ್ತು. ಗೂಡಿನ ಎಲೆಯು ನೆರಳೂ ಹೌದು, ಬಾಗಿಲೂ ಹೌದೆಂಬುದು ನನಗೆ ಅಂದು ತಿಳಿದಿರಲಿಲ್ಲ.

ಆ ನೆಗೆಟಿವ್ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅದರ ಪ್ರತಿಯನ್ನು ಯಾವ ಪ್ರದರ್ಶನಕ್ಕೂ ಕಳುಹಿಸಿಲ್ಲ.