ಕೂಲಿಯೋ, ಕೃಪೆಯೋ?

ದೇವರನ್ನು ಮೆಚ್ಚಿಸುವ ಬಗೆ ಯಾವುದು ಎಂಬ ಪ್ರಶ್ನೆಯು ಬಹು ಪುರಾತನವಾದುದು. ಹರಕೆ ಹೊರುವವರು, ಉಪವಾಸ ಹಿಡಿಯುವವರು, ದಾನಧರ್ಮ ಮಾಡುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಅವೆಲ್ಲವೂ ಸ್ತುತ್ಯವೇ ಸರಿ. ಆದರೆ ಅಷ್ಟನ್ನೂ ಮಾಡಿ ಮುಗಿಸಿದ ಮೇಲೆಯೂ, ಮಾಡಿದುದು ಸಾಕಾಯಿತೇ ಎಂಬ ಅಳುಕು ಮನಸ್ಸಿನ ಮೂಲೆಯಲ್ಲಿ ಉಳಿದುಬಿಟ್ಟರೆ ಗತಿಯೇನು? ಈ ಅಳುಕಿನಿಂದ ಬೆಂದು, ಕೊನೆಗೆ ಅದರಿಂದ ಪಾರಾದ ಒಬ್ಬ ಸಂನ್ಯಾಸಿಯ ಚರಿತ್ರೆಯು, ಯಾವ ಮತದವರಾದರೂ ತಿಳಿಯತಕ್ಕಂಥದ್ದು.

ಮಾರ್ಟಿನ್ ಲೂಥರನು 1483ರಲ್ಲಿ ಜರ್ಮನಿಯ ಐಸ್ಲೆಬೆನ್ ಎಂಬ ಊರಿನಲ್ಲಿ ಜನಿಸಿದನು. ಗಣಿಯ ಉದ್ಯಮದಿಂದ ಮೇಲಕ್ಕೆ ಬಂದಿದ್ದ ತಂದೆಗೆ ಮಗನನ್ನು ವಕೀಲನನ್ನಾಗಿ ನೋಡುವ ಆಸೆ. ಆದರೆ 1505ರ ಜುಲೈ ತಿಂಗಳಿನಲ್ಲಿ ದಾರಿಯಲ್ಲಿ ಸಿಡಿಲಿನ ಆರ್ಭಟಕ್ಕೆ ಸಿಕ್ಕಿ ಪ್ರಾಣಭಯಗೊಂಡ ತರುಣನು, ಬದುಕಿ ಉಳಿದರೆ ಸಂನ್ಯಾಸಿಯಾಗುವೆನೆಂದು ಹರಕೆ ಹೊತ್ತನು. ಹದಿನೈದೇ ದಿನಗಳಲ್ಲಿ ಎರ್ಫುರ್ಟ್ ನಗರದ ಅಗಸ್ಟೀನಿಯನ್ ಮಠವನ್ನು ಸೇರಿಯೂ ಬಿಟ್ಟನು. ಭಯದಿಂದ ಹೊತ್ತ ಹರಕೆಯಾದುದರಿಂದಲೋ ಏನೋ, ಭಯವು ಮಠದೊಳಕ್ಕೂ ಅವನ ಬೆನ್ನಟ್ಟಿ ಬಂದಿತು.

ಅಲ್ಲಿ ಅವನು ಉಪವಾಸ, ಜಾಗರಣೆ, ಪ್ರಾರ್ಥನೆಗಳಲ್ಲಿ ಯಾರಿಗೂ ಕಡಿಮೆಯಾಗಲಿಲ್ಲ. ಗುರುವಿನ ಮುಂದೆ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದನು. ಆದರೆ ಹೇಳದೆ ಮರೆತುಹೋದ ಪಾಪಗಳಿಗೆ ಕ್ಷಮೆಯೆಲ್ಲಿ? ಪಶ್ಚಾತ್ತಾಪವೂ ಭಕ್ತಿಯಿಂದಲ್ಲದೆ ನರಕದ ಭಯದಿಂದ ಹುಟ್ಟಿದುದಾದರೆ ಅದೂ ಸ್ವಾರ್ಥವೇ ಅಲ್ಲವೇ? ಹೀಗೆ ಒಂದು ಗಂಟು ಬಿಚ್ಚಿದರೆ ಮತ್ತೊಂದು ಬಿಗಿಯುತ್ತಿತ್ತು. ಅವನ ಮಠದ ಹಿರಿಯನಾದ ಸ್ಟೌಪಿಟ್ಸನು, ನಿನ್ನನ್ನು ನೋಡಿಕೊಳ್ಳುವುದನ್ನು ಬಿಟ್ಟು ಕ್ರಿಸ್ತನನ್ನು ನೋಡು ಎಂಬ ಅರ್ಥದಲ್ಲಿ ಸಮಾಧಾನ ಹೇಳುತ್ತಿದ್ದನು.

1512ರಲ್ಲಿ ವಿಟ್ಟೆನ್‌ಬರ್ಗಿನಲ್ಲಿ ವೇದಾಂತದ ಡಾಕ್ಟರ್ ಪದವಿಯನ್ನು ಪಡೆದ ಲೂಥರನು ಬೈಬಲಿನ ಪಾಠ ಹೇಳತೊಡಗಿದನು. ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಬರುವ 'ದೇವರ ನೀತಿ' ಎಂಬ ಮಾತು ಅವನನ್ನು ಬಹುಕಾಲ ಕಾಡಿತು. ಅದು ಪಾಪಿಯನ್ನು ದಂಡಿಸುವ ನೀತಿಯೆಂದೇ ಅವನು ತಿಳಿದಿದ್ದನು. ಹಗಲಿರುಳು ಮನನ ಮಾಡಿದ ಬಳಿಕ, ಅದು ನಂಬಿದವನಿಗೆ ದೇವರು ಉಚಿತವಾಗಿ ಕೊಡುವ ನೀತಿಯೆಂಬ ಅರ್ಥ ಹೊಳೆಯಿತು. ಸ್ವರ್ಗದ ಬಾಗಿಲೇ ತೆರೆದಂತಾಯಿತೆಂದು ಅವನು 1545ರಲ್ಲಿ, ಮರಣಕ್ಕೆ ಒಂದು ವರ್ಷ ಮುಂಚೆ, ನೆನೆದುಕೊಂಡಿದ್ದಾನೆ.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಲ್ಲ ನಮ್ಮಂಥವರಿಗೆ ಈ ವಿಷಯವು ಸುಲಭವಾಗಿ ಅರ್ಥವಾಗಬೇಕು. ಹೋಟೆಲಿನಲ್ಲಿ ಉಂಡವನು ಬಿಲ್ಲು ತೆತ್ತು ಹೋಗುತ್ತಾನೆ. ಅಲ್ಲಿ ಉಪಕಾರದ ಮಾತಿಲ್ಲ. ತಾಯಿಯ ಮನೆಯಲ್ಲಿ ಉಂಡವನು ಏಳುವಾಗ ಜೇಬಿಗೆ ಕೈಹಾಕಿದರೆ ಆಕೆ ನೊಂದುಕೊಳ್ಳುತ್ತಾಳೆ. ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷೆಯ ತೋಟದ ಯಜಮಾನನ ಕಥೆಯಿದೆ. ಬೆಳಗಿನಿಂದ ದುಡಿದವನಿಗೂ ಸಂಜೆಯ ಒಂದು ಗಂಟೆ ಮಾತ್ರ ದುಡಿದವನಿಗೂ ಆತ ಸಮನಾದ ಕೂಲಿಯನ್ನು ಕೊಡುತ್ತಾನೆ. ನಮ್ಮ ಮಾಣಿಗಳಿಗೆ ಹೀಗೆ ಸಂಬಳ ಹಂಚಿದರೆ ಮರುದಿನವೇ ಮುಷ್ಕರ! ಆದರೆ ಆ ಕಥೆಯು ವ್ಯಾಪಾರವನ್ನು ಕಲಿಸಲು ಹೇಳಿದುದಲ್ಲ. ಯಜಮಾನನ ಔದಾರ್ಯವನ್ನು ತಿಳಿಸಲು ಹೇಳಿದುದು.

ಹಾಗಾದರೆ ಸತ್ಕರ್ಮಗಳೇಕೆ ಎಂದು ವಾಚಕರು ಕೇಳಬಹುದು. ಲೂಥರನ ಕಾಲದವರೂ ಕೇಳಿದರು. 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಅವನು ಕೊಟ್ಟ ಉತ್ತರದ ಸಾರವಿಷ್ಟು: ಹಣ್ಣು ಬಿಟ್ಟುದರಿಂದ ಮರವು ಒಳ್ಳೆಯದಾಗುವುದಿಲ್ಲ, ಮರವು ಒಳ್ಳೆಯದಾದುದರಿಂದ ಒಳ್ಳೆಯ ಹಣ್ಣು ಬಿಡುತ್ತದೆ. ಕೃಪೆಯೇ ಮೊದಲೆಂಬುದನ್ನು ರೋಮಿನ ಸಭೆಯೂ ಅಲ್ಲಗಳೆದಿರಲಿಲ್ಲ. ಆದರೂ 1517ರಲ್ಲಿ ಪಾಪದಂಡನೆಯ ವಿನಾಯಿತಿ ಪತ್ರಗಳ ಮಾರಾಟವನ್ನು ಲೂಥರನು ಖಂಡಿಸಿದಂದಿನಿಂದ ಬೆಳೆದ ಜಗಳವು ಯೂರೋಪಿನ ಕ್ರೈಸ್ತಸಭೆಯನ್ನೇ ಒಡೆಯಿತು. ಕೊನೆಗೆ 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕರೂ ಲೂಥರನ್ನರೂ ಈ ತತ್ತ್ವದ ಮೂಲಾಂಶಗಳಲ್ಲಿ ತಮಗೆ ಒಮ್ಮತವಿದೆಯೆಂದು ಸಹಿ ಹಾಕಿದರು.

ಶ್ರೀ ರಾಮಾನುಜಾಚಾರ್ಯರು ನೆಲಸಿದ್ದ ಮೇಲುಕೋಟೆಯ ನಾಡಿನವರಾದ ನಮಗೆ ಈ ಚರ್ಚೆಯು ತೀರ ಹೊಸತಲ್ಲ. ಮರಿಯೇ ತಾಯಿಯನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕೆಂಬ ಮರ್ಕಟ ನ್ಯಾಯ, ತಾಯಿಯೇ ಮರಿಯನ್ನು ಕಚ್ಚಿಕೊಂಡು ಒಯ್ಯುವಳೆಂಬ ಮಾರ್ಜಾಲ ನ್ಯಾಯ, ಇವೆರಡರ ವಿಚಾರದಲ್ಲಿ ವಡಗಲೈ ತೆಂಗಲೈ ಪಂಗಡಗಳು ಶತಮಾನಗಳ ಕಾಲ ವಾದಿಸಿವೆ. ಎರಡೂ ಮತಗಳ ಸಿದ್ಧಾಂತಗಳು ಬೇರೆ ಬೇರೆ. ಆದರೆ ತನ್ನ ಹಿಡಿತ ಸಡಿಲವಾದರೆ ಏನಾದೀತೆಂಬ ಮರಿಯ ದಿಗಿಲು ಎಲ್ಲ ಕಡೆಯೂ ಒಂದೇ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕೃಪೆಯನ್ನು ಸಾರಿದ ಅದೇ ಲೂಥರನು 1543ರಲ್ಲಿ ಯೆಹೂದ್ಯರ ಮೇಲೆ ಅತಿ ಕ್ರೂರವಾದ ಗ್ರಂಥವನ್ನು ಬರೆದನು. ಬೆಲೆಯಿಲ್ಲದೆ ಪಡೆದವನೂ ಇತರರಿಗೆ ಕೊಡುವಾಗ ಲೆಕ್ಕದ ಪುಸ್ತಕ ತೆರೆಯುತ್ತಾನೆಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಡ. ಕೃಪೆಯನ್ನು ನಂಬುವುದಕ್ಕಿಂತ ಅದರಂತೆ ನಡೆಯುವುದು ಕಷ್ಟ.

ಊರು ಬಿಟ್ಟು ಬಂದ ನಾವು ಯಜಮಾನನನ್ನೂ ಗಿರಾಕಿಯನ್ನೂ ನೆರೆಹೊರೆಯನ್ನೂ ಮೆಚ್ಚಿಸುವುದರಲ್ಲಿಯೇ ದಿನ ಕಳೆಯುತ್ತೇವೆ. ಅದೇ ರೂಢಿಯಿಂದ ದೇವರ ಮುಂದೆಯೂ ಕೀರ್ದಿ ಪುಸ್ತಕ ಹಿಡಿದು ನಿಲ್ಲುತ್ತೇವೆ. ಇನ್ನು ಮುಂದೆ ಸಂಜೆಯ ದೀಪ ಹಚ್ಚುವಾಗ ಆ ಪುಸ್ತಕವನ್ನು ಅಂಗಡಿಯಲ್ಲಿಯೇ ಬಿಟ್ಟು ಬರೋಣ. ಮತ್ತು ನಮಗೆ ಬಾಕಿಯಿರುವ ಒಬ್ಬ ಬಡವನ ಲೆಕ್ಕವನ್ನಾದರೂ ಹೊಡೆದುಹಾಕಿ ಬರೋಣ.