ಉಕ್ಕಿನ ಗರ್ಡರ್ ಹಾಗೂ ಕಾಂಕ್ರೀಟ್ ಹಾಸಿನ ಸೇತುವೆಗಳಲ್ಲಿ ಬಾಗುವಿಕೆ: ಸದಸ್ಯರು ಅರಿಯಬೇಕಾದ ಅಂಶಗಳು



ತುಂಬಿದ ಲಾರಿ ಹಾಯುವಾಗ ಸೇತುವೆ ಅಲುಗುತ್ತದೆ, ಇದು ಅಪಾಯವೇ ಎಂಬ ಪ್ರಶ್ನೆ ಗ್ರಾಮಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಶಿರವಾಳ ಭಾಗದವರು ಯಾದಗಿರಿಗೆ ಹೋಗಲು ಭೀಮಾ ನದಿಯನ್ನು ದಾಟಲೇಬೇಕು. ಒಂದು ಸೇತುವೆ ಮುಚ್ಚಿದರೂ ರೋಗಿಗಳು, ವಿದ್ಯಾರ್ಥಿಗಳು, ಹತ್ತಿ ಸಾಗಿಸುವ ರೈತರು ಸುತ್ತುಬಳಸಿ ಹೋಗಬೇಕಾಗುತ್ತದೆ. ಆದುದರಿಂದ ಯಾವ ಬಾಗುವಿಕೆ ಸಹಜ, ಯಾವುದು ಅಪಾಯಸೂಚಕ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಹಜವಾದ ಬಾಗುವಿಕೆ

ಶಿರವಾಳದ ಪ್ರಾಚೀನ ಗುಡಿಗಳಲ್ಲಿ ಕಂಬಗಳು ಒತ್ತೊತ್ತಾಗಿರುವುದನ್ನು ತಾವು ನೋಡಿದ್ದೀರಿ. ಕಲ್ಲಿನ ತೊಲೆ ಎಳೆತವನ್ನು ತಾಳದು. ಭಾರ ಮೀರಿದರೆ ಮುನ್ಸೂಚನೆ ನೀಡದೆ ಮುರಿಯುತ್ತದೆ. ಉಕ್ಕು ಮೊದಲು ಬಾಗುತ್ತದೆ, ಭಾರ ಸರಿದಾಗ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಬಗೆಯ ಸೇತುವೆಯಲ್ಲಿ ಗರ್ಡರಿನ ಮೇಲ್ಭಾಗಕ್ಕೆ ಬೆಸೆದ ಉಕ್ಕಿನ ಮೊಳೆಗಳು ಕಾಂಕ್ರೀಟ್ ಹಾಸಿನೊಳಗೆ ಹುದುಗಿದ್ದು, ಎರಡೂ ಒಂದೇ ತೊಲೆಯಂತೆ ದುಡಿಯುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯ ಪ್ರಕಾರ ವಾಹನಭಾರದಿಂದ ಆಗುವ ಬಾಗುವಿಕೆ ಅಂಕಣದ ಉದ್ದದ 800ರಲ್ಲಿ ಒಂದು ಭಾಗವನ್ನು ಮೀರಬಾರದು. ಅಂದರೆ 24 ಮೀಟರ್ ಅಂಕಣಕ್ಕೆ 30 ಮಿ.ಮೀ.

ಬಿಸಿಲಿಗೂ ಸೇತುವೆ ಚಲಿಸುತ್ತದೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಏರಿದರೆ 30 ಮೀಟರ್ ಉದ್ದದ ಗರ್ಡರ್ ಸುಮಾರು 11 ಮಿ.ಮೀ. ಹಿಗ್ಗುತ್ತದೆ. ಇದಕ್ಕಾಗಿಯೇ ಹಾಸುಗಳ ನಡುವೆ ಸಂದುಗಳನ್ನೂ ಕಂಬಗಳ ಮೇಲೆ ಬೇರಿಂಗುಗಳನ್ನೂ ಇರಿಸಿರುತ್ತಾರೆ.

ಕಾಂಕ್ರೀಟ್ ಒಣಗುತ್ತಾ ಕುಗ್ಗುವುದರಿಂದಲೂ ಅಂಕಣ ಸ್ವಲ್ಪ ಕೆಳಗಿಳಿಯುತ್ತದೆ. ಇದು ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲಿ ಆಗುವಂಥದ್ದು. ಇದನ್ನು ಮುಂಚೆಯೇ ಲೆಕ್ಕಹಾಕಿ ಗರ್ಡರನ್ನು ತುಸು ಮೇಲಕ್ಕೆ ಉಬ್ಬಿಸಿ ತಯಾರಿಸಲಾಗುತ್ತದೆ.

ಅಪಾಯಸೂಚಕ ಬಾಗುವಿಕೆ

ಭಾರ ಸರಿದ ಮೇಲೂ ಉಳಿಯುವ ಮತ್ತು ವರ್ಷದಿಂದ ವರ್ಷಕ್ಕೆ ಹೆಚ್ಚುವ ತಗ್ಗು ಚಿಂತೆಗೆ ಕಾರಣ. ಇದರ ಮುಖ್ಯ ಕಾರಣಗಳು ನಾಲ್ಕು:

1. ಡಾಂಬರಿನ ಮೇಲೆ ಡಾಂಬರು. 24 ಮೀಟರ್ ಉದ್ದ, 7.5 ಮೀಟರ್ ಅಗಲದ ರಸ್ತೆಗೆ 5 ಸೆಂ.ಮೀ. ದಪ್ಪದ ಒಂದು ಪದರ ಹಾಕಿದರೆ ಸುಮಾರು 20 ಟನ್ ತೂಕ ಸೇರುತ್ತದೆ. ತುಂಬಿದ ಲಾರಿಯೊಂದು ಹಗಲಿರುಳು ಅಲ್ಲಿಯೇ ನಿಂತಂತೆ.
2. ಮಣ್ಣು, ಡಾಂಬರು ತುಂಬಿದ ಸಂದುಗಳು. ಹಿಗ್ಗಲು ಜಾಗವಿಲ್ಲದ ಗರ್ಡರ್ ತುದಿಗಳನ್ನು ಒತ್ತುತ್ತದೆ, ಬೇರಿಂಗುಗಳು ಕೆಡುತ್ತವೆ.
3. ತುಕ್ಕು. ಸಂದಿನಿಂದ ನೀರು ಸೋರಿ ಗರ್ಡರಿನ ತುದಿ ಸವೆಯುತ್ತದೆ.
4. ಪ್ರವಾಹ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಂತಹ ಸಂದರ್ಭಗಳಲ್ಲಿ ತೇಲಿಬಂದ ಮರಗಳು ಗರ್ಡರಿಗೆ ಬಡಿದು ಪಕ್ಕಕ್ಕೆ ಬಾಗಿಸಬಹುದು. ಬುಡದ ಮಣ್ಣು ಕೊಚ್ಚಿಹೋಗಿ ಕಂಬ ಕುಸಿಯಬಹುದು.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ಚಾಲಕರನ್ನು ರಕ್ಷಿಸಲಾಯಿತು. ಅದು ಕಾಂಕ್ರೀಟ್ ಸೇತುವೆಯಾಗಿದ್ದರೂ, ಸುಮಾರು ನಾಲ್ಕು ದಶಕ ಸಂಚಾರಕ್ಕೆ ತೆರೆದಿದ್ದ ಸೇತುವೆಯೂ ಬೀಳಬಹುದೆಂಬ ಪಾಠ ಎಲ್ಲ ಸೇತುವೆಗಳಿಗೂ ಅನ್ವಯಿಸುತ್ತದೆ.

ಸದಸ್ಯರು ಮಾಡಬಹುದಾದುದು

ಪ್ರತಿ ಅಂಕಣದ ಎರಡು ತುದಿಗಳಲ್ಲಿ ಮತ್ತು ನಟ್ಟನಡುವೆ ಅಂಚುಗಟ್ಟೆಯ ಮೇಲೆ ಬಣ್ಣದ ಗುರುತು ಹಾಕಿಸಿರಿ. ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪಿನಿಂದ ಮೂರೂ ಗುರುತುಗಳ ಮಟ್ಟವನ್ನು ಅಳೆಸಿ, ತುದಿಗಳಿಗೆ ಹೋಲಿಸಿದರೆ ನಡುಭಾಗ ಎಷ್ಟು ತಗ್ಗಿದೆ ಎಂಬುದನ್ನು ದಿನಾಂಕ, ವೇಳೆ ಸಹಿತ ಬರೆದಿಡಿರಿ. ಬಿಸಿಲೇರಿದಾಗ ಹಾಸು ಕಾದು ಉಬ್ಬುವುದರಿಂದ ಸೂರ್ಯೋದಯಕ್ಕೆ ಮುನ್ನ, ವಾಹನವಿಲ್ಲದಾಗ ಅಳೆಯುವುದು ಸೂಕ್ತ. ಮಳೆಗಾಲದ ಮೊದಲು ಮತ್ತು ನಂತರ, ವರ್ಷಕ್ಕೆ ಎರಡು ಬಾರಿ ಅಳೆದರೆ ಸಾಕು. ಒಂದೇ ಅಳತೆ ಏನನ್ನೂ ಹೇಳದು. ಮೂರು ವರ್ಷಗಳ ಅಳತೆ ಇಂಜಿನಿಯರರಿಗೆ ಬಹಳಷ್ಟು ಹೇಳುತ್ತದೆ.

ತಗ್ಗು ಹೆಚ್ಚುತ್ತಿದ್ದರೆ, ಗರ್ಡರ್ ಮತ್ತು ಹಾಸಿನ ನಡುವೆ ಬಿರುಕು ಕಂಡರೆ, ಪಂಚಾಯತಿ ಸಭೆಯಲ್ಲಿ ಠರಾವು ಮಾಡಿ ಸೇತುವೆ ಯಾರ ಅಧೀನದಲ್ಲಿದೆಯೋ ಆ ಲೋಕೋಪಯೋಗಿ ಇಲಾಖೆಗೆ ಅಥವಾ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಅಳತೆಯ ಪ್ರತಿ ಸಹಿತ ಪತ್ರ ಬರೆಯಿರಿ. ತಗ್ಗು ಹಠಾತ್ತನೆ ಕಾಣಿಸಿಕೊಂಡರೆ ಪತ್ರಕ್ಕಾಗಿ ಕಾಯದೆ ಅಂದೇ ಪೊಲೀಸ್ ಠಾಣೆಗೆ ಹಾಗೂ ತಹಶೀಲ್ದಾರರಿಗೆ ತಿಳಿಸಿ, ಭಾರಿ ವಾಹನಗಳನ್ನು ತಡೆಯಲು ಕೋರಿರಿ. ಇಂಜಿನಿಯರರ ಒಪ್ಪಿಗೆಯಿಲ್ಲದೆ ತಗ್ಗನ್ನು ಡಾಂಬರಿನಿಂದ ಮುಚ್ಚಿಸಬಾರದು. ಅದರಿಂದ ತೂಕ ಹೆಚ್ಚುತ್ತದೆ, ಗುರುತೂ ಅಳಿಯುತ್ತದೆ.